ಬಿಗಿದ ತಂತಿ, ಬರೆದ ಕರಾರು

2008-09ರ ಸುಮಾರಿಗೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ದಿನವೂ ಓಡಾಡುತ್ತಿದ್ದವರಿಗೆ ಒಂದು ಬಿಟ್ಟಿ ಪ್ರದರ್ಶನ ಕಾದಿರುತ್ತಿತ್ತು. ಸಿಲ್ಕ್ ಬೋರ್ಡ್ ದಾಟಿದ ಬಸ್ಸು ಬೊಮ್ಮನಹಳ್ಳಿ ಹತ್ತಿರ ನಿಂತಿತೆಂದರೆ ಕಾಲು ಗಂಟೆ ಅಲುಗಾಡುತ್ತಿರಲಿಲ್ಲ. ಕಿಟಕಿಯಿಂದ ಕತ್ತು ಚಾಚಿ ಮೇಲೆ ನೋಡಿದರೆ ಒಂದು ಪಿಲ್ಲರ್‌ನಿಂದ ಇನ್ನೊಂದಕ್ಕೆ ಮೈಚಾಚಿದ ಕಬ್ಬಿಣದ ಭಾರೀ ತೊಲೆ. ಅದಕ್ಕೆ ಸಾಲಾಗಿ ನೇತುಬಿದ್ದ ಕಾಂಕ್ರೀಟ್ ತುಂಡುಗಳು. ಒಂದೊಂದೂ ರಸ್ತೆಯಷ್ಟೇ ಅಗಲ, ಹೊಟ್ಟೆ ಟೊಳ್ಳು, ಎರಡು ಪಕ್ಕಕ್ಕೂ ರೆಕ್ಕೆ. ತುಂಡು ತುಂಡಿನ ನಡುವೆ ಆಕಾಶ ಕಾಣುತ್ತಿತ್ತು. ‘ಬಿದ್ರೆ ಟಿಕೆಟ್ ದುಡ್ಡು ವಾಪಸ್ ಇಲ್ಲ ಸಾರ್’ ಎಂದು ಕಂಡಕ್ಟರ್ ಒಮ್ಮೆ ನಗಿಸಿದ್ದ. ಮರುದಿನ ಅದೇ ಹೊತ್ತಿಗೆ ಹೋದಾಗ ಆಕಾಶ ಮುಚ್ಚಿಹೋಗಿತ್ತು. ತುಂಡುಗಳೆಲ್ಲ ಸೇರಿ ಒಂದೇ ತೊಲೆಯಾಗಿ ಪಿಲ್ಲರ್‌ಗಳ ಮೇಲೆ ಕೂತಿದ್ದವು.

ಒಂದು ರಾತ್ರಿಯಲ್ಲಿ ಏನಾಯಿತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದರ ಜತೆಗೆ, ಟೋಲ್ ಕಟ್ಟಿ ಅದೇ ರಸ್ತೆಯ ಮೇಲೆ ಓಡಾಡತೊಡಗಿದ ಮೇಲೆ, ಎರಡನೆಯದೊಂದು ಪ್ರಶ್ನೆಯೂ ಸೇರಿಕೊಂಡಿತು: ಇದನ್ನು ಕಟ್ಟಲು ದುಡ್ಡು ಹಾಕಿದವರು, ಮುಂದೆ ಇಷ್ಟು ಗಾಡಿ ಬಂದೇ ಬರುತ್ತವೆ ಎಂದು ಹೇಗೆ ನಂಬಿದರು? ಎರಡಕ್ಕೂ ಉತ್ತರ ಹುಡುಕುತ್ತ ಹೋದರೆ ಒಂದೇ ಕಡೆ ಬಂದು ನಿಲ್ಲುತ್ತೇವೆ ಎಂಬುದು ನನ್ನ ಅನಿಸಿಕೆ.

ಮೊದಲು ಕಾಂಕ್ರೀಟು. ಲಾರಿಯಿಂದ ಇಟ್ಟಿಗೆ ಇಳಿಸುವವರನ್ನು ಗಮನಿಸಿ. ನಾಲ್ಕೈದು ಇಟ್ಟಿಗೆಗಳನ್ನು ಸಾಲಾಗಿಟ್ಟು, ಎರಡೂ ತುದಿಗಳಿಗೆ ಅಂಗೈ ಒತ್ತಿ, ಸಾಲಿಗೆ ಸಾಲನ್ನೇ ಎತ್ತಿಬಿಡುತ್ತಾರೆ. ನಡುವಿನ ಇಟ್ಟಿಗೆಗಳಿಗೆ ಕೆಳಗಿನಿಂದ ಆಸರೆಯಿಲ್ಲ, ಗಾರೆಯೂ ಇಲ್ಲ. ಹಿಡಿದಿಟ್ಟಿರುವುದು ಅಕ್ಕಪಕ್ಕದ ಒತ್ತಡ ಮಾತ್ರ. ಕೈ ಸ್ವಲ್ಪ ಸಡಿಲಿಸಿದರೆ ಮೊದಲು ಉದುರುವುದು ನಡುವಿನದೇ. ಕಾಂಕ್ರೀಟಿನ ಸ್ವಭಾವವೂ ಇಟ್ಟಿಗೆಯದೇ. ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ತೊಲೆಯ ಮೇಲೆ ಭಾರ ಬಿದ್ದಾಗ ಅದು ಬಾಗಿ, ಕೆಳಮೈ ಹಿಗ್ಗಲು ನೋಡುತ್ತದೆ. ಬಿರುಕು ಹುಟ್ಟುವುದು ಅಲ್ಲಿ. ಹಾಗಾದರೆ ಭಾರ ಬರುವ ಮೊದಲೇ ಆ ಕೆಳಮೈಯನ್ನು ಬಲವಾಗಿ ಒತ್ತಿಟ್ಟುಬಿಟ್ಟರೆ? ಲಾರಿ ಬಂದಾಗ ಹಿಗ್ಗುವ ಬದಲು ಒತ್ತಡ ಕೊಂಚ ಕಡಿಮೆಯಾಗುತ್ತದೆ, ಅಷ್ಟೇ. ಇದು ಪ್ರಿಸ್ಟ್ರೆಸ್ಡ್ ಕಾಂಕ್ರೀಟಿನ ಇಡೀ ಗುಟ್ಟು. ನಮ್ಮ ಹಳ್ಳಿಯ ಕಮ್ಮಾರರು ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಗಾಡಿ ಚಕ್ರಕ್ಕೆ ತೊಡಿಸಿ ನೀರು ಹೊಯ್ಯುತ್ತಿದ್ದರಲ್ಲ, ತಣಿದು ಕುಗ್ಗಿದ ಹಳಿ ಮರದ ತುಂಡುಗಳನ್ನೆಲ್ಲ ಒಟ್ಟಿಗೆ ಬಿಗಿದು ಹಿಡಿಯುತ್ತಿತ್ತು. ಅದೂ ಇದೇ ವಿದ್ಯೆ.

ಬೊಮ್ಮನಹಳ್ಳಿಯಲ್ಲಿ ನೇತಾಡುತ್ತಿದ್ದ ತುಂಡುಗಳಿಗೆ ಸೆಗ್ಮೆಂಟ್ ಎನ್ನುತ್ತಾರೆ. ಅವನ್ನು ಬೇರೆಡೆ ಯಾರ್ಡಿನಲ್ಲಿ ಎರಕ ಹೊಯ್ದು ಟ್ರೇಲರ್ ಮೇಲೆ ತರುತ್ತಾರೆ. ಎರಕ ಹೊಯ್ಯುವಾಗ ಪಕ್ಕದ ಸೆಗ್ಮೆಂಟನ್ನೇ ಅಚ್ಚಿನ ಒಂದು ಗೋಡೆಯಾಗಿ ಇಟ್ಟುಕೊಳ್ಳುತ್ತಾರೆ. ಹೀಗಾಗಿ ಏಳನೆಯದು ಎಂಟನೆಯದಕ್ಕೆ ಮಾತ್ರ ಕೂಡುತ್ತದೆ, ಇನ್ನಾವುದಕ್ಕೂ ಇಲ್ಲ. ಒರಳಿಗೆ ಅದರದೇ ಗುಂಡು ಇದ್ದ ಹಾಗೆ. ಮೇಲೆ ನೇತುಹಾಕಿದ ಮೇಲೆ ಸಂದಿಗೆ ಎಪಾಕ್ಸಿ ಅಂಟು ಬಳಿದು, ತುಂಡುಗಳೊಳಗೆ ಮೊದಲೇ ಬಿಟ್ಟಿರುವ ಕೊಳವೆಗಳಲ್ಲಿ ಈ ತುದಿಯಿಂದ ಆ ತುದಿಗೆ ಉಕ್ಕಿನ ಕೇಬಲ್ ಪೋಣಿಸಿ, ಹೈಡ್ರಾಲಿಕ್ ಜಾಕ್‌ನಿಂದ ಎಳೆದು, ತುದಿಯಲ್ಲಿ ಬೆಣೆ ಹಾಕಿ ಕಚ್ಚಿಸುತ್ತಾರೆ. ಕೇಬಲ್ಲಿನ ಒಂದೊಂದು ಎಳೆಯೂ ಏಳು ತಂತಿ ಹೊಸೆದು ಮಾಡಿದ್ದು, ದಪ್ಪ ಕೇವಲ 15 ಮಿಲಿಮೀಟರಿನಷ್ಟು. ಕಿರುಬೆರಳಿಗಿಂತ ಹೆಚ್ಚೇನಿಲ್ಲದ ಅದನ್ನು ಸುಮಾರು 20 ಟನ್ ಬಲದಿಂದ ಎಳೆದಿಟ್ಟಿರುತ್ತಾರೆ. ಅಂಥ ಎಳೆಗಳು ಒಂದು ಕೇಬಲ್ಲಿನಲ್ಲಿ ಹತ್ತಾರು. ರಸ್ತೆ ಬಂದ್ ಮಾಡದೆ ಊರ ನೆತ್ತಿಯ ಮೇಲೆ ರಸ್ತೆ ಕಟ್ಟಲು ಸಾಧ್ಯವಾದದ್ದು ಈ ಪೋಣಿಸುವ ಕಲೆಯಿಂದ.

ಆದರೆ ಕಲೆ ಇಷ್ಟು ಸರಳವಾಗಿದ್ದರೆ ನೂರೈವತ್ತು ವರ್ಷಗಳ ಹಿಂದೆಯೇ ಬಳಕೆಗೆ ಬರಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಹಲವರು ಮಾಮೂಲಿ ಕಂಬಿಯನ್ನು ಎಳೆದಿಟ್ಟು ಕಾಂಕ್ರೀಟ್ ಹಾಕಿ ನೋಡಿದ್ದರು. ಕೆಲವು ತಿಂಗಳಲ್ಲಿ ಒತ್ತಡವೆಲ್ಲ ಮಾಯವಾಗಿ ತೊಲೆ ಮತ್ತೆ ಬಿರುಕು ಬಿಡುತ್ತಿತ್ತು. ಯಾಕೆಂದು ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಫ್ರಾನ್ಸಿನ ಎಂಜಿನಿಯರ್ ಯೂಜೀನ್ ಫ್ರೆಸಿನೆಗೆ, ಅದೂ ಭಯದಿಂದ. 1911ರ ಸುಮಾರಿಗೆ ಆತ ಅಲಿಯೇ ನದಿಗೆ ಲ ವೆರ್ದ್ರ್ ಎಂಬಲ್ಲಿ ಮೂರು ಕಮಾನಿನ ಕಾಂಕ್ರೀಟ್ ಸೇತುವೆ ಕಟ್ಟಿದ್ದ. ಒಂದೊಂದು ಕಮಾನೂ 72 ಮೀಟರಿಗಿಂತ ಉದ್ದ. ಪರೀಕ್ಷೆಯಲ್ಲಿ ಗೆದ್ದಿತು, ಜನ ಓಡಾಡಿದರು. ತಿಂಗಳುಗಳು ಕಳೆದಂತೆ ಕಮಾನಿನ ನೆತ್ತಿ ಇಳಿಯತೊಡಗಿತು. ಮೇಲೆ ಹೊಸ ಭಾರವೇನೂ ಬಂದಿರಲಿಲ್ಲ. ಆದರೂ ಇಳಿಯುತ್ತಲೇ ಹೋಯಿತು. ಒಂದು ರಾತ್ರಿ ಫ್ರೆಸಿನೆ ಸೈಕಲ್ ಹತ್ತಿ ಸೇತುವೆಗೆ ಓಡಿ, ನಂಬಿಕೆಯ ನಾಲ್ವರನ್ನು ಎಬ್ಬಿಸಿ, ಕಮಾನಿನ ನೆತ್ತಿಯಲ್ಲಿ ಜಾಕ್ ಇಟ್ಟು ಮೂರೂ ಕಮಾನುಗಳನ್ನು ಮತ್ತೆ ಮೇಲೆತ್ತಿದ. ಸೇತುವೆ ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಒಡೆಯುವವರೆಗೂ ನಿಂತಿತ್ತು.

ಆತ ಕಂಡದ್ದು ಇಷ್ಟು: ಕಾಂಕ್ರೀಟ್ ಕಲ್ಲಲ್ಲ. ಭಾರ ಹೊತ್ತಾಗ ಅದು ತಕ್ಷಣ ಕುಗ್ಗಿ ನಿಲ್ಲುವುದಿಲ್ಲ. ವರ್ಷಗಟ್ಟಲೆ ಮೆಲ್ಲಗೆ ಕುಗ್ಗುತ್ತಲೇ ಇರುತ್ತದೆ. ಎಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ. ಇಲ್ಲೊಂದು ಚಿಕ್ಕ ಲೆಕ್ಕ ಮಾಡಿದರೆ ಹಳಬರ ಸೋಲಿನ ಕಾರಣ ಹೊಳೆಯುತ್ತದೆ. 30 ಮೀಟರ್ ಉದ್ದದ ತೊಲೆ ಎನ್ನಿ. ಅದರಲ್ಲಿನ ಮಾಮೂಲಿ ಕಂಬಿಯನ್ನು ಆ ಕಾಲದವರು ಸುರಕ್ಷಿತವೆಂದು ನಂಬಿದಷ್ಟು ಎಳೆದರೆ ಹಿಗ್ಗುವುದು ಸುಮಾರು 2 ಸೆಂಟಿಮೀಟರ್. ವರ್ಷಗಳು ಕಳೆದಂತೆ ಕಾಂಕ್ರೀಟ್ ತಾನಾಗಿ ಕುಗ್ಗುವುದೂ ಹೆಚ್ಚುಕಡಿಮೆ 2 ಸೆಂಟಿಮೀಟರೇ. ಎಳೆದದ್ದೆಲ್ಲ ಅಲ್ಲಿಗಲ್ಲಿಗೆ ವಜಾ. ಫ್ರೆಸಿನೆ ಕುಗ್ಗುವುದನ್ನು ತಡೆಯಲು ಹೋಗಲಿಲ್ಲ, ತಡೆಯಲು ಬರುವುದೂ ಇಲ್ಲ. ತುಂಬ ಬಲವಾದ ಉಕ್ಕಿನ ತಂತಿ ಹಿಡಿದು, ಅದನ್ನು ಎಷ್ಟು ಎಳೆದನೆಂದರೆ 30 ಮೀಟರಿಗೆ 20 ಸೆಂಟಿಮೀಟರ್ ಹಿಗ್ಗುವಷ್ಟು. ಈಗ 2 ಸೆಂಟಿಮೀಟರ್ ಹೋದರೂ ಉಳಿದ 18 ಕೆಲಸ ಮಾಡುತ್ತದೆ. 1928ರಲ್ಲಿ ಆತ ಪೇಟೆಂಟ್ ಪಡೆದದ್ದು ಇದಕ್ಕೆ. ನಷ್ಟ ಖಂಡಿತ, ಆದ್ದರಿಂದ ಕಳೆದುಕೊಳ್ಳಲು ಸಾಕಷ್ಟು ಇಟ್ಟುಕೊಂಡೇ ಹೊರಡು ಎಂಬ ಈ ಬುದ್ಧಿ ನನಗೆ ಆ ಸೇತುವೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಇಂದಿಗೂ ಸೈಟಿನಲ್ಲಿ ಜಾಕ್ ಹಿಡಿದವರು ಒತ್ತಡದ ಮೀಟರನ್ನೊಂದೇ ನಂಬುವುದಿಲ್ಲ. ಎಳೆಗಳಿಗೆ ಬಣ್ಣದ ಗುರುತು ಹಾಕಿ, ಎಷ್ಟು ಹಿಗ್ಗಿತೆಂದು ಸ್ಕೇಲು ಇಟ್ಟು ಅಳೆಯುತ್ತಾರೆ. ಎರಡೂ ತಾಳೆಯಾಗಬೇಕು.

ಇನ್ನು ದುಡ್ಡಿನ ಕಡೆ. ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ, ಹತ್ತು ಕಿಲೋಮೀಟರಿಗೆ ಕೂದಲೆಳೆಯಷ್ಟು ಕಡಿಮೆಯ ಈ ನಾಲ್ಕು ಲೇನ್ ರಸ್ತೆ 2010ರ ಜನವರಿಯಲ್ಲಿ ತೆರೆಯಿತು. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಇದನ್ನು ಗುತ್ತಿಗೆ ಕೊಟ್ಟದ್ದು ಬಿಓಟಿ ಪದ್ಧತಿಯಲ್ಲಿ: ಕಟ್ಟು, ನಡೆಸು, ಹಿಂದಿರುಗಿಸು. ನಿರ್ಮಾಣ ಕಂಪನಿಗಳ ಕೂಟ ಈ ಒಂದೇ ಕೆಲಸಕ್ಕೆಂದು ಹೊಸ ಕಂಪನಿ ಹುಟ್ಟುಹಾಕಿ, ಸ್ವಲ್ಪ ಸ್ವಂತ ಬಂಡವಾಳ ಹಾಕಿ, ಉಳಿದದ್ದನ್ನು ಬ್ಯಾಂಕುಗಳಿಂದ ಎತ್ತಿತು. ಸಾಲ ತೀರಬೇಕಾದ್ದು, ಲಾಭ ಬರಬೇಕಾದ್ದು 20 ವರ್ಷದ ಗುತ್ತಿಗೆಯ ಟೋಲಿನಿಂದ. ಹೊಸ ಕಂಪನಿ ಯಾಕೆಂದರೆ, ರಸ್ತೆ ಮುಳುಗಿದರೆ ಅದರ ಜತೆ ಮಾತೃಸಂಸ್ಥೆಗಳು ಮುಳುಗಬಾರದು. ಬ್ಯಾಂಕಿಗೆ ಅಡಮಾನವಾಗಿ ಇರುವುದು ಮುಂದೆ ಬರಲಿರುವ ಟೋಲು. ರಸ್ತೆಯ ನೆಲ ಸರ್ಕಾರದ್ದು, ಅದನ್ನು ಒತ್ತೆಯಿಡುವಂತಿಲ್ಲ.

ಅಂದರೆ ಇಲ್ಲೂ ಭಾರ ಬರುವ ಮೊದಲೇ ಬಿಗಿದಿಡುವ ಕೆಲಸ. ವ್ಯತ್ಯಾಸ ಇಷ್ಟೇ: ತೊಲೆಯ ಮೇಲೆ ಎಷ್ಟು ಲಾರಿ ನಿಂತೀತು ಎಂಬುದಕ್ಕೆ ಸಂಹಿತೆಯಿದೆ, ಟೋಲ್ ಗೇಟಿಗೆ ಎಷ್ಟು ಗಾಡಿ ಬಂದೀತು ಎಂಬುದಕ್ಕೆ ಊಹೆಯಿದೆ. ನಗರದ ಎತ್ತರದ ರಸ್ತೆಯಲ್ಲಿ ಆ ಊಹೆ ಇನ್ನೂ ಕಷ್ಟ, ಏಕೆಂದರೆ ಅದರ ಪ್ರತಿಸ್ಪರ್ಧಿ ಅದರ ಕೆಳಗೇ ಮಲಗಿರುತ್ತದೆ. ಬ್ರಿಟನ್ನಿನ ಜಾನ್ ವಾರ್ಡ್ರಾಪ್ 1952ರಲ್ಲಿ ಒಂದು ನಿಯಮ ಹೇಳಿದ: ಪ್ರತಿಯೊಬ್ಬನೂ ತನಗೆ ಬೇಗ ತಲುಪುವ ದಾರಿ ಹಿಡಿದರೆ, ಕೊನೆಗೆ ಬಳಕೆಯಲ್ಲಿರುವ ಎಲ್ಲ ದಾರಿಗಳಲ್ಲೂ ಹಿಡಿಯುವ ಹೊತ್ತು ಒಂದೇ ಆಗುತ್ತದೆ. ಟೋಲನ್ನೂ ಹೊತ್ತಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮೇಲಿನ ರಸ್ತೆಗೆ ಗಾಡಿಗಳು ಹತ್ತಿದಷ್ಟೂ ಕೆಳಗಿನದು ಸಲೀಸಾಗುತ್ತದೆ. ಕೆಳಗಿನದು ಸಲೀಸಾದಷ್ಟೂ ಮೇಲೆ ಹತ್ತಲು ಕಾರಣ ಕಡಿಮೆಯಾಗುತ್ತದೆ. ಟೋಲ್ ರಸ್ತೆ ತನ್ನ ಗಿರಾಕಿಯನ್ನು ತಾನೇ ಕಳೆದುಕೊಳ್ಳುವ ಅಂಗಡಿ. ಹೊಸೂರು ರಸ್ತೆಯಲ್ಲಿ ಈ ಲೆಕ್ಕ ಇನ್ನಷ್ಟು ಸಿಕ್ಕುಸಿಕ್ಕು. ಮೇಲೆ ದ್ವಿಚಕ್ರ ವಾಹನಗಳೂ ಟೋಲ್ ಕಟ್ಟಬೇಕು. ಕೆಳಗೆ ಹೋದವರಿಂದಲೂ ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಟೋಲ್ ಇಸಿದುಕೊಳ್ಳುತ್ತಾರೆ, ಜನರ ಸಿಟ್ಟು ಹೆಚ್ಚಾಗಿ ಇದರ ಮೇಲೇ. ಈಗಂತೂ ಅದೇ ರಸ್ತೆಯ ಗುಂಟ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್‌ನಿಂದ ಓಡುತ್ತಿದೆ. 2006ರಲ್ಲಿ ಕೂತು ಲೆಕ್ಕ ಹಾಕಿದವರು ಇದನ್ನೆಲ್ಲ ಯಾವ ಕೋಷ್ಟಕದಲ್ಲಿ ತುಂಬಬೇಕಿತ್ತು?

ಊಹೆ ಎಷ್ಟು ತಪ್ಪುತ್ತದೆ ಎಂಬುದನ್ನು ಅಳೆದವರಿದ್ದಾರೆ. ಡೆನ್ಮಾರ್ಕಿನ ಬೆಂಟ್ ಫ್ಲಿವ್‌ಬ್ಯೋರ್ಗ್ ಮತ್ತು ಸಂಗಡಿಗರು 14 ದೇಶಗಳ 210 ಸಾರಿಗೆ ಯೋಜನೆಗಳನ್ನು ತುಲನೆ ಮಾಡಿ 2005ರಲ್ಲಿ ಪ್ರಕಟಿಸಿದರು. ರಸ್ತೆಗಳ ಪೈಕಿ ಅರ್ಧದಷ್ಟರಲ್ಲಿ ಅಂದಾಜಿಗೂ ನಿಜವಾದ ಸಂಚಾರಕ್ಕೂ ಶೇ 20ಕ್ಕಿಂತ ಹೆಚ್ಚು ಅಂತರ. ಹರಾಜು ಈ ತಪ್ಪನ್ನು ಇನ್ನಷ್ಟು ಕೆಡಿಸುತ್ತದೆ. ಐದು ಕಂಪನಿಗಳು ಐದು ಅಂದಾಜು ಹಿಡಿದು ಬರುತ್ತವೆ ಎನ್ನಿ. ಗೆಲ್ಲುವುದು ಅತಿ ಆಶಾವಾದಿ ಅಂದಾಜು, ಅಂದರೆ ಬಹುಶಃ ಅತಿ ತಪ್ಪಾದದ್ದು. ಮೆಕ್ಸಿಕೊ ಕೊಲ್ಲಿಯಲ್ಲಿ ತೈಲದ ಹರಾಜು ಗೆದ್ದವರೇ ಕೈಸುಟ್ಟುಕೊಳ್ಳುವುದನ್ನು ಮೂವರು ಅಮೆರಿಕನ್ ಎಂಜಿನಿಯರುಗಳು 1971ರಲ್ಲಿ ವಿವರಿಸಿದಾಗಿನಿಂದ ಅರ್ಥಶಾಸ್ತ್ರಜ್ಞರಿಗೆ ಇದು ಗೊತ್ತಿರುವ ವಿಷಯ. ಗೆದ್ದವನ ಶಾಪ ಎಂದು ಅದಕ್ಕೆ ಹೆಸರು.

ಹೀಗೆ ತಪ್ಪುವುದು ಖಚಿತವಾಗಿರುವ ಅಂದಾಜಿನ ಮೇಲೆ ಕರಾರು ಬರೆಯುವಾಗ ಎರಡು ದಾರಿ. ಒಂದು, ಹಳಬರ ಮಾಮೂಲಿ ಕಂಬಿ: ಏನಾದರೊಂದನ್ನು ಗಟ್ಟಿಯಾಗಿ ಕಟ್ಟಿಹಾಕಿ, ಅದು ಅಲುಗದು ಎಂದು ನಂಬುವುದು. ಬ್ಯಾಂಕಾಕ್ ಹೀಗೆ ಮಾಡಿತು. 1988ರ ಡಿಸೆಂಬರಿನಲ್ಲಿ ಥಾಯ್ಲೆಂಡಿನ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ, ಜಪಾನಿನ ಕುಮಗಾಯ್ ಗುಮಿ ಮುಂದಾಳುತನದ ಕಂಪನಿಯೊಡನೆ ನಗರದ ಎರಡನೆಯ ಹಂತದ ಎತ್ತರದ ರಸ್ತೆಗೆ 30 ವರ್ಷದ ಒಪ್ಪಂದ ಮಾಡಿಕೊಂಡಿತು. ಪ್ರಾಧಿಕಾರದ್ದೇ ಆಗಿದ್ದ ಮೊದಲ ಹಂತದ ಟೋಲನ್ನೂ ಸೇರಿಸಿ ಆದಾಯ ಹಂಚಿಕೊಳ್ಳುವ ಜಾಣ ಏರ್ಪಾಡು ಅದರಲ್ಲಿತ್ತು: ಮೊದಲು ಕಂಪನಿಗೆ ಶೇ 60, ಆಮೇಲೆ 50, ಕೊನೆಯಲ್ಲಿ 40. ಸಾಲದ ಹೊರೆ ಮೊದಲ ವರ್ಷಗಳಲ್ಲಿ ಹೆಚ್ಚು, ಅದಕ್ಕೆ ಪಾಲೂ ಹೆಚ್ಚು. ಆದರೆ ಟೋಲ್ 30 ಬಾತ್ ಎಂಬ ಒಂದು ಸಂಖ್ಯೆಯ ಮೇಲೆ ಇಡೀ ಲೆಕ್ಕ ನಿಂತಿತ್ತು. ರಸ್ತೆ ಸಿದ್ಧವಾಗುವ ಹೊತ್ತಿಗೆ ರಾಜಕೀಯ ಬದಲಾಗಿತ್ತು. ಜನ ಅಷ್ಟು ಕೊಡಲಾರರು, 20 ಬಾತ್ ಸಾಕು ಎಂದಿತು ಸರ್ಕಾರ. ಕಂಪನಿ ರಸ್ತೆ ತೆರೆಯಲು ಒಪ್ಪಲಿಲ್ಲ. ಬ್ಯಾಂಕುಗಳು ಸಾಲ ನಿಲ್ಲಿಸಿದವು. ಕಟ್ಟಿ ಮುಗಿದ ರಸ್ತೆ ಮೇಲೆ ಖಾಲಿ, ಕೆಳಗೆ ಬ್ಯಾಂಕಾಕಿನ ಜಗತ್ಪ್ರಸಿದ್ಧ ಟ್ರಾಫಿಕ್ಕು! ಕೊನೆಗೆ ಪ್ರಾಧಿಕಾರ ಕೋರ್ಟಿನ ಆದೇಶ ತಂದು 1993ರ ಸೆಪ್ಟೆಂಬರ್ 2ರಂದು ರಸ್ತೆ ತೆರೆಸಿತು. ಮರುವರ್ಷ ಜಪಾನಿ ಕಂಪನಿ ತನ್ನ ಪಾಲು ಮಾರಿ ಹೊರನಡೆಯಿತು. ಟೋಲಿನ ತಗಾದೆಗಳು ಅಲ್ಲಿಗೆ ಮುಗಿಯಲಿಲ್ಲ. ದಶಕಗಳ ದಾವೆಗಳನ್ನು ತೀರಿಸಲು ಸರ್ಕಾರ 2020ರಲ್ಲಿ ಗುತ್ತಿಗೆಯನ್ನು 2035ರವರೆಗೆ ವಿಸ್ತರಿಸಬೇಕಾಯಿತು. ಅವತ್ತಿನ 10 ಬಾತ್ ಜಗಳದ ಬಡ್ಡಿಯನ್ನು, ಆಗಿನ್ನೂ ಹುಟ್ಟಿರದವರು ಈಗ ಟೋಲಿನಲ್ಲಿ ಕಟ್ಟುತ್ತಿದ್ದಾರೆ.

ನಮ್ಮ ದೇಶದ ಉದಾಹರಣೆ ಇನ್ನೂ ವಿಚಿತ್ರ. ದೆಹಲಿ–ನೊಯ್ಡಾ ನಡುವೆ ಯಮುನೆಯ ಮೇಲೆ 2001ರಲ್ಲಿ ತೆರೆದ ಡಿಎನ್‌ಡಿ ಟೋಲ್ ಸೇತುವೆಯ ಕರಾರಿನಲ್ಲಿ ಕಟ್ಟಿಹಾಕಿದ್ದು ಟೋಲನ್ನಲ್ಲ, ಲಾಭವನ್ನು. ಒಟ್ಟು ವೆಚ್ಚದ ಮೇಲೆ ವರ್ಷಕ್ಕೆ ಶೇ 20 ಬರಲೇಬೇಕು. ಕಡಿಮೆ ಬಿದ್ದದ್ದನ್ನು ವೆಚ್ಚಕ್ಕೇ ಸೇರಿಸು. ಮುಂದಿನ ವರ್ಷ ಆ ದೊಡ್ಡ ಮೊತ್ತದ ಮೇಲೆ ಶೇ 20. ಚಕ್ರಬಡ್ಡಿಯ ಲೆಕ್ಕ ಬಲ್ಲ ಯಾವ ಗಿರವಿ ಅಂಗಡಿಯವನಾದರೂ ಹೇಳಿಯಾನು: ವಸೂಲಿಯೇ ಆಗದ 100 ರೂಪಾಯಿ ಶೇ 20ರಲ್ಲಿ 10 ವರ್ಷಕ್ಕೆ 619, 20 ವರ್ಷಕ್ಕೆ 3,834 ಆಗುತ್ತದೆ. ಟೋಲ್ ಎಷ್ಟೇ ಬರಲಿ, ಬಾಕಿ ಅದಕ್ಕಿಂತ ವೇಗವಾಗಿ ಬೆಳೆಯುತ್ತ ಹೋದರೆ ಗುತ್ತಿಗೆ ಮುಗಿಯುವ ದಿನವೇ ಬರುವುದಿಲ್ಲ. ಅಲಹಾಬಾದ್ ಹೈಕೋರ್ಟ್ 2016ರ ಅಕ್ಟೋಬರಿನಲ್ಲಿ ಟೋಲ್ ನಿಲ್ಲಿಸಿತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಇದನ್ನು ಖಾಸಗಿಯವರ ದುರಾಸೆ ಎಂದು ಬಯ್ದು ಮುಗಿಸುವವರಿದ್ದಾರೆ. ಆಸೆ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಸಾಲು ಬರೆದ ಕಾಗದಕ್ಕೆ ಸರ್ಕಾರಿ ಸಹಿಯೂ ಬಿದ್ದಿತ್ತಲ್ಲ.

ಎರಡನೆಯ ದಾರಿ ಫ್ರೆಸಿನೆಯದು: ಅಂದಾಜು ತಪ್ಪುತ್ತದೆ ಎಂದು ಒಪ್ಪಿಕೊಂಡು, ಅದಕ್ಕೆ ಜಾಗ ಬಿಟ್ಟು ಬರೆಯುವುದು. ಚಿಲಿಯ ಮೂವರು ಅರ್ಥಶಾಸ್ತ್ರಜ್ಞರು, ಎಂಗೆಲ್, ಫಿಷರ್ ಮತ್ತು ಗಲೆಟೊವಿಚ್, ಹರಾಜನ್ನೇ ತಲೆಕೆಳಗು ಮಾಡಿದರು. ಇಷ್ಟು ವರ್ಷ ಎಂದು ಗುತ್ತಿಗೆ ಕೊಡಬೇಡಿ. ಟೋಲ್ ದರ ಸರ್ಕಾರವೇ ನಿಗದಿ ಮಾಡಲಿ. ಇವತ್ತಿನ ಬೆಲೆಯಲ್ಲಿ ಒಟ್ಟು ಎಷ್ಟು ಟೋಲ್ ಕೈಸೇರಿದರೆ ಸಾಕು ಎಂದು ಕಂಪನಿಗಳು ಕೂಗಲಿ, ಕಡಿಮೆ ಕೂಗಿದವನಿಗೆ ಕೆಲಸ. ಅಷ್ಟು ವಸೂಲಾದ ದಿನ ಗುತ್ತಿಗೆ ಮುಗಿಯಿತು. ಗಾಡಿ ಹೆಚ್ಚು ಬಂದರೆ ಬೇಗ ಮುಗಿಯುತ್ತದೆ, ಕಡಿಮೆ ಬಂದರೆ ತಡವಾಗಿ. ಅಂದಾಜು ಎಷ್ಟೇ ತಪ್ಪಿದರೂ ಹೊಡೆತ ಬೀಳುವುದು ಅವಧಿಗೆ, ಕಂಪನಿಯ ಕುತ್ತಿಗೆಗಲ್ಲ, ಪ್ರಯಾಣಿಕನ ಜೇಬಿಗೂ ಅಲ್ಲ. 1998ರಲ್ಲಿ ಸ್ಯಾಂಟಿಯಾಗೊದಿಂದ ಸಮುದ್ರತೀರಕ್ಕೆ ಹೋಗುವ ರೂತಾ 68 ಹೆದ್ದಾರಿಯನ್ನು ಹೀಗೆಯೇ ಹರಾಜು ಹಾಕಿದರು. ನಮ್ಮ ಯೋಜನಾ ಆಯೋಗ ರೂಪಿಸಿದ ಹೆದ್ದಾರಿಗಳ ಮಾದರಿ ಕರಾರಿನಲ್ಲೂ ಇದರ ನೆರಳಿದೆ. ನಿಗದಿತ ವರ್ಷದಲ್ಲಿ ಸಂಚಾರ ಗುರಿಗಿಂತ ಶೇ 1 ಕಡಿಮೆಯಾದರೆ ಗುತ್ತಿಗೆ ಶೇ 1.5ರಷ್ಟು ಹಿಗ್ಗುತ್ತದೆ, ಶೇ 1 ಹೆಚ್ಚಾದರೆ ಶೇ 0.75ರಷ್ಟು ಕುಗ್ಗುತ್ತದೆ. ಹಿಗ್ಗುವುದು ಶೇ 20ರವರೆಗೆ, ಕುಗ್ಗುವುದು ಶೇ 10ರವರೆಗೆ ಮಾತ್ರ. ತಕ್ಕಡಿ ಯಾರ ಕಡೆ ವಾಲಿದೆ ಎಂಬುದು ಈ ನಾಲ್ಕು ಅಂಕಿಗಳಲ್ಲೇ ಕಾಣುತ್ತದೆ. ಆದರೂ ತಕ್ಕಡಿ ಎಂಬುದೊಂದಿದೆ, ಡಿಎನ್‌ಡಿಯಲ್ಲಿ ಅದೂ ಇರಲಿಲ್ಲ.

ಮತ್ತೆ ಕೇಬಲ್ಲಿಗೆ ಬರೋಣ. ಎಳೆದು ಬಿಗಿದ ಮೇಲೆ ಕೊಳವೆಯೊಳಗೆ ಸಿಮೆಂಟ್ ಹಾಲು ತುಂಬುತ್ತಾರೆ, ತಂತಿಗೆ ನೀರು, ಗಾಳಿ ತಾಕದಿರಲಿ ಎಂದು. ತುಂಬಿತೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಎಲ್ಲಾದರೂ ಪೊಳ್ಳು ಉಳಿದರೆ ಅಲ್ಲಿ ನೀರು ನಿಂತು ತಂತಿ ತುಕ್ಕು ಹಿಡಿಯುತ್ತದೆ. ಮಾಮೂಲಿ ಕಂಬಿ ತುಕ್ಕು ಹಿಡಿದರೆ ಉಬ್ಬಿ, ಕಾಂಕ್ರೀಟ್ ಹಪ್ಪಳೆ ಎದ್ದು ಸುಳಿವು ಕೊಡುತ್ತದೆ. ಬಿಗಿದ ತಂತಿ ಹಾಗೆ ಸುಳಿವು ಕೊಡದೆಯೂ ಕಡಿದುಹೋಗಬಲ್ಲದು. 1985ರ ಡಿಸೆಂಬರಿನಲ್ಲಿ ವೇಲ್ಸ್‌ನ ಇನಿಸ್-ಇ-ಗ್ವಾಸ್ ಎಂಬ ಸಣ್ಣ ಸೇತುವೆ, ಮೇಲೆ ಒಂದು ಗಾಡಿಯೂ ಇಲ್ಲದ ಹೊತ್ತಿನಲ್ಲಿ, ಕುಸಿದುಬಿತ್ತು. ಅದೂ ತುಂಡು ತುಂಡು ಪೋಣಿಸಿದ್ದೇ. ತುಂಡುಗಳ ಸಂದಿಯಲ್ಲಿ ತಂತಿ ತುಕ್ಕು ತಿಂದಿತ್ತು. 1992ರಲ್ಲಿ ಬ್ರಿಟನ್ ಇಂಥ ಸೇತುವೆಗಳನ್ನು ಹೊಸದಾಗಿ ಕಟ್ಟುವುದನ್ನೇ ಕೆಲಕಾಲ ನಿಲ್ಲಿಸಿತು. ಇಲ್ಲೊಂದು ಹೊಂದಿಕೆಯಾಗದ ಲೆಕ್ಕವಿದೆ. ಗುತ್ತಿಗೆ ಇರುವುದು 20 ಅಥವಾ 30 ವರ್ಷ, ಸೇತುವೆಯ ಆಯಸ್ಸು 100 ವರ್ಷ ಎಂದು ಲೆಕ್ಕ. ಕೊಳವೆಯ ಪೊಳ್ಳು ತನ್ನ ಕೆಲಸ ಮುಗಿಸುವ ಹೊತ್ತಿಗೆ ಟೋಲ್ ಗೇಟಿನಲ್ಲಿ ಯಾರಿರುತ್ತಾರೋ.

ಬೆಂಗಳೂರಿಗೆ ಆ ಹೊತ್ತು ಬೇಗನೆ ಬಂತು, ಹೊಸೂರು ರಸ್ತೆಯಲ್ಲಲ್ಲ, ತುಮಕೂರು ರಸ್ತೆಯಲ್ಲಿ. ಗೊರಗುಂಟೆಪಾಳ್ಯದಿಂದ ಪೀಣ್ಯದ ಮೇಲೆ ಹಾಯುವ ಮೇಲ್ಸೇತುವೆಯೂ ಟೋಲ್ ಗುತ್ತಿಗೆಯಲ್ಲಿ ಕಟ್ಟಿದ್ದೇ. 2021ರ ಡಿಸೆಂಬರ್ ಕೊನೆಯ ವಾರದಲ್ಲಿ 102 ಮತ್ತು 103ನೇ ಪಿಲ್ಲರ್‌ಗಳ ನಡುವಿನ ಕೇಬಲ್‌ಗಳು ಹಾಳಾದದ್ದು ಕಂಡು ಸಂಚಾರ ನಿಲ್ಲಿಸಿದರು. ಕಟ್ಟಿ ಹತ್ತು ಹನ್ನೊಂದು ವರ್ಷವಷ್ಟೇ ಆಗಿತ್ತು. 2022ರ ಫೆಬ್ರುವರಿಯಲ್ಲಿ ಕಾರುಗಳಿಗೆ ತೆರೆಯಿತು. ಲಾರಿ, ಬಸ್ಸುಗಳು ಕೆಳಗಿನ ರಸ್ತೆಯಲ್ಲೇ ಉಳಿದವು. ಆ ಎರಡೂವರೆ ವರ್ಷ ಪೀಣ್ಯದ ಕಡೆ ಹೋಗಿಬಂದವರಿಗೆ ವಾರ್ಡ್ರಾಪನ ನಿಯಮವನ್ನು ಬೇರೆ ಯಾರೂ ಕಲಿಸಬೇಕಿಲ್ಲ.

ದುರಸ್ತಿ ಹೇಗೆಂಬುದು ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದ ಭಾಗ. ಬಿಗಿದು ಸಿಮೆಂಟ್ ತುಂಬಿದ ಹಳೆಯ ಕೇಬಲ್ಲನ್ನು ತೆಗೆದು ಬದಲಿಸುವುದು ಸುಲಭದ ಮಾತಲ್ಲ. ಆದರೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಸಂಹಿತೆ, ಮುಂದೆಂದಾದರೂ ಹೆಚ್ಚು ಬಿಗಿಯಬೇಕಾಗಿ ಬಂದರೆ ಇರಲಿ ಎಂದು ಎಡೆ ಬಿಟ್ಟಿಡಲು ಹೇಳುತ್ತದೆ. ವಿನ್ಯಾಸ ಮಾಡಿದವರು ಪ್ರತಿ ಅಂಕಣದಲ್ಲೂ ಎರಡು ಕೊಳವೆಗಳನ್ನು ಸುಮ್ಮನೆ ಖಾಲಿ ಬಿಟ್ಟಿದ್ದರು. ಅಂಥ ಅಂಕಣಗಳು 120. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಸಲಹೆಯಂತೆ ಆ ಖಾಲಿ ಕೊಳವೆಗಳಲ್ಲಿ 240 ಹೊಸ ಕೇಬಲ್ ಪೋಣಿಸಿ, ಎಳೆದು, ಬೆಣೆ ಹಾಕಿದರು. 2024ರ ಜುಲೈ ಕೊನೆಯಲ್ಲಿ ಭಾರೀ ವಾಹನಗಳು ಮತ್ತೆ ಮೇಲೆ ಹತ್ತಿದವು, ವಾರದಲ್ಲಿ ಆರು ದಿನ. ಶುಕ್ರವಾರ ಮಾತ್ರ ಲಾರಿಗಳನ್ನು ಕೆಳಗೇ ಕಳಿಸಿ, ಮೇಲೆ ನಿರ್ವಹಣೆ ಕೆಲಸಕ್ಕೆ ಬಿಡುವು ಮಾಡಿಕೊಟ್ಟರು.